ಬಾರಿಗಿಡದ ಬೇವೂರು ಟೊಂಗೆ

ಚಳಿಗಾಲದಲ್ಲಿ ಇಳಕಲ್ಲಿನ ಪೇಟೆಯ ತಳ್ಳುಗಾಡಿಗಳ ಮೇಲೆ ಬಾರಿಹಣ್ಣಿನ, ಅಂದರೆ ಎಲಚಿಹಣ್ಣಿನ, ರಾಶಿ ಬಿದ್ದಿರುತ್ತದಲ್ಲ, ಅದರ ವಾಸನೆಯೇ ಒಂದು ಥರ. ಅರ್ಧ ಸೇಬಿನದು, ಅರ್ಧ ಹುಳಿ ಬಂದ ಹಿಟ್ಟಿನದು. ಸುವಾಸನೆ ಅನ್ನಲು ನಾಲಿಗೆ ಏಳುವುದಿಲ್ಲ, ಬಿಟ್ಟು ಹೋಗಲು ಕಾಲು ಏಳುವುದಿಲ್ಲ. ಮೊನ್ನೆ ಶನಿವಾರ ಶಾಲೆ ಮುಗಿಸಿ ಹುನಗುಂದದ ಬಸ್ಸಿನಿಂದ ಇಳಿದವನು ಆ ವಾಸನೆಗೆ ಸಿಕ್ಕಿಬಿದ್ದು ಒಂದು ಗಾಡಿಯ ಮುಂದೆ ನಿಂತೆ. ಮಾರುವ ಅಜ್ಜಿ ತಕ್ಕಡಿ ಎತ್ತಿ ಹಿಡಿದಳು. ನಾನು ಹಣ್ಣು ಆರಿಸುತ್ತ ಆರಿಸುತ್ತ ನಮ್ಮ ಮಾವನವರ ನೆನಪಿಗೆ ಬಿದ್ದೆ. ನೆನಪು ಅಂದಕೂಡಲೇ ಹಾರ ಹಾಕಿದ ಫೋಟೋ ಊಹಿಸಿಕೊಳ್ಳಬೇಡಿ; ಅವರು ಗಟ್ಟಿಮುಟ್ಟಾಗಿದ್ದಾರೆ. ನಿಮಗೆ ಪುರುಸೊತ್ತಿದ್ದರೆ ನೀವೂ ಸ್ವಲ್ಪ ನನ್ನ ಜೊತೆ ನಿಲ್ಲಿ.

ನಾನು ಬೇವೂರಿನವನು, ಬೀರಪ್ಪ ದೇವರ ಒಕ್ಕಲು. ಮನೆಯಲ್ಲಿ ಕುರಿ, ಆಡು, ಒಂದಿಷ್ಟು ಹೊಲ, ಹೊಲದ ಬದುವಿನುದ್ದಕ್ಕೂ ಕಾಡುಬಾರಿಯ ಕಂಟಿ. ಶಾಂತಾ ಇಳಕಲ್ಲಿನ ಕ್ರೈಸ್ತರ ಮನೆಯ ಮಗಳು. ಹುನಗುಂದದ ಒಂದೇ ಶಾಲೆಯಲ್ಲಿ ಇಬ್ಬರೂ ಪಾಠ ಹೇಳುತ್ತಿದ್ದೆವು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ನಮ್ಮಪ್ಪ ಬೀರಪ್ಪನ ಗುಡಿಗೆ ಹೋಗಿ ಕೇಳಿ ಬಂದು, "ಅಂವಾ ಬ್ಯಾಡ ಅಂದಿಲ್ಲ, ನಾ ಯಾಕ ಅನ್ಲಿ" ಅಂದ. ಶಾಂತಾಳ ಅಪ್ಪ ಯೋಹಾನಪ್ಪನವರು ಮೂರು ದಿನ ಪ್ರಾರ್ಥನೆ ಮಾಡಿ ಹೆಚ್ಚುಕಡಿಮೆ ಅದೇ ಉತ್ತರಕ್ಕೆ ಬಂದರು. ಯಾರೂ ಯಾರನ್ನೂ ದೇವರು ಬದಲಿಸಿಕೋ ಅನ್ನಲಿಲ್ಲ. ಅವಳು ಒಬ್ಬಳೇ ಮಗಳು, ಮನೆ ದೊಡ್ಡದು, ಬಸ್‌ಸ್ಟ್ಯಾಂಡ್ ಹತ್ತಿರ ಎಂಬ ಕಾರಣಗಳಿಂದ ನಾನು ಮನೆ ಅಳಿಯನಾದೆ.

ಮನೆ ಅಳಿಯನನ್ನು ಕೆಟ್ಟದಾಗಿ ನೋಡಿಕೊಂಡರೆ ಜಗಳವಾಡಬಹುದು. ನನ್ನನ್ನು ವಿಪರೀತ ಚೆನ್ನಾಗಿ ನೋಡಿಕೊಂಡರು. ಆರು ವರ್ಷ ನನಗೆ ಚಹಾ ಬಂದದ್ದು ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ. ಮನೆಯವರೆಲ್ಲ ಸ್ಟೀಲು ಲೋಟದಲ್ಲಿ ಸೊರ್ರೆಂದು ಕುಡಿಯುವಾಗ ನಾನೊಬ್ಬ ಊರಿಂದ ಬಂದ ಬೀಗರ ಹಾಗೆ ಸದ್ದಿಲ್ಲದೆ ಕುಡಿಯಬೇಕಿತ್ತು. ಮಾವನವರ ಬಾಯಲ್ಲಿ ನಾನು 'ಮಾಸ್ತರ'. ಯಾರಾದರೂ ಬಂದರೆ, "ಇವ್ರು ಬೇವೂರವ್ರು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಇತ್ತ ಬೇವೂರಿನಲ್ಲಿ ಆಗಲೇ ನನ್ನನ್ನು ಇಳಕಲ್ಲಿನವ ಅನ್ನತೊಡಗಿದ್ದರು. ಎರಡೂ ಊರಿನವರು ನನ್ನನ್ನು ಇನ್ನೊಂದು ಊರಿಗೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದರು. ಮಾವನವರು ಒಂದು ಸಲವಾದರೂ ನನ್ನನ್ನು 'ನಮ್ಮವ' ಅನ್ನಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಮಕ್ಕಳಿಗೆ ಲೆಕ್ಕ ತಪ್ಪಿದರೆ ಕಿವಿ ಹಿಂಡುವ ಮಾಸ್ತರನೊಬ್ಬ ಇಂಥದ್ದಕ್ಕೆ ಆಸೆಪಡುತ್ತಿದ್ದ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ಮಾವನವರು ಸರಕಾರಿ ನರ್ಸರಿಯಲ್ಲಿ ಮೂವತ್ತು ವರ್ಷ ಸಸಿಗಳಿಗೆ ಕಸಿ ಕಟ್ಟಿ ನಿವೃತ್ತರಾದವರು, ಚರ್ಚಿನ ಸಭೆಯ ಹಿರಿಯರು. ಬೇರೆಯವರು ಬೈಬಲನ್ನು ಸಮಾಧಾನಕ್ಕೆ ಓದುತ್ತಾರೆ, ಭವಿಷ್ಯಕ್ಕೆ ಓದುತ್ತಾರೆ. ಇವರು ಗಿಡಗಳಿಗಾಗಿ ಓದುತ್ತಿದ್ದರು. ಎಲ್ಲಿ ಮರ ಬಂತೋ ಅಲ್ಲಿ ಹಸಿರು ಶಾಯಿಯ ಗೆರೆ. ದೇವರು ತನ್ನ ಜನರನ್ನು ಒಮ್ಮೆ ದ್ರಾಕ್ಷಿಬಳ್ಳಿ ಅಂದಿದ್ದಾನೆ, ಒಮ್ಮೆ ಅಂಜೂರ ಅಂದಿದ್ದಾನೆ, ಒಮ್ಮೆ ಎಣ್ಣೆಮರ, ಅಂದರೆ ಆಲಿವ್, ಅಂದಿದ್ದಾನೆ; ಅಂದಮೇಲೆ ಸಭೆಯ ಒಬ್ಬೊಬ್ಬರೂ ಯಾವುದೋ ಒಂದು ಮರವಾಗಿರಲೇಬೇಕು ಎಂಬುದು ಅವರ ಸಿದ್ಧಾಂತ. ಕ್ರಿಸ್ಮಸ್ಸಿಗೆ ಮಾತ್ರ ಮುಖ ತೋರಿಸುವವನು ಯೋನನ ತಲೆಯ ಮೇಲಿನ ಸೋರೆಬಳ್ಳಿ, ಒಂದೇ ದಿನದಲ್ಲಿ ಚಿಗುರಿ ಒಣಗುವವನು. ಗಟ್ಟಿಯಾಗಿ ಹಾಡಿ ಕೆಲಸದ ಹೊತ್ತಿಗೆ ಮಾಯವಾಗುವವನು ಎಲೆ ಬಿಟ್ಟು ಹಣ್ಣು ಬಿಡದ ಅಂಜೂರ. ಬೈಬಲಿನ ನ್ಯಾಯಸ್ಥಾಪಕರ ಕಾಲದಲ್ಲಿ ಮರಗಳೆಲ್ಲ ಕೂಡಿ ಮುಳ್ಳುಕಂಟಿಯನ್ನು ರಾಜನನ್ನಾಗಿ ಮಾಡಿದ ಕತೆಯೊಂದಿದೆ. ಅದನ್ನು ಊರ ಚುನಾವಣೆ ಬಂದಾಗಲೆಲ್ಲ ಹೇಳುತ್ತಿದ್ದರು, ಹೆಸರು ಮಾತ್ರ ಹೇಳುತ್ತಿರಲಿಲ್ಲ. ತಮಾಷೆಯೆಂದರೆ ಇಳಕಲ್ಲಿನಲ್ಲಿ ಎಣ್ಣೆಮರ ಕಂಡವರು ಒಬ್ಬರೂ ಇರಲಿಲ್ಲ. ಯಾರೋ ಹುಬ್ಬಳ್ಳಿಯಿಂದ ಅದರ ಎಣ್ಣೆಯ ಪುಟ್ಟ ಸೀಸೆ ತಂದುಕೊಟ್ಟಾಗ ಮಾವನವರು ಭಕ್ತಿಯಿಂದ ಮೂಸಿ, ಮುಚ್ಚಳ ಹಾಕಿ, "ನಮ್ಮ ಕುಸುಬಿ ಎಣ್ಣಿನ ಛಲೋ" ಅಂದಿದ್ದರು.

ಒಂದು ವರ್ಷ ಸುಗ್ಗಿ ಹಬ್ಬದ ಭಾನುವಾರ ಹೊಸದಾಗಿ ಬಂದಿದ್ದ ಪಾಸ್ಟರು ಈ ಎಣ್ಣೆಮರದ ಮೇಲೆಯೇ ಪ್ರಸಂಗ ಮಾಡಿದರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅಪೊಸ್ತಲ ಪೌಲನ ಪ್ರಕಾರ ದೇವರ ಜನ ಒಂದು ಊರೆಣ್ಣೆಮರ. ಅದರ ಕೆಲವು ಸ್ವಂತ ಕೊಂಬೆಗಳು ಮುರಿದುಬಿದ್ದವು. ಆ ಜಾಗಕ್ಕೆ ದೇವರು ಕಾಡೆಣ್ಣೆಮರದ ಕೊಂಬೆಗಳನ್ನು ತಂದು ಕಸಿ ಕಟ್ಟಿದ. ಕಾಡುಕೊಂಬೆ ಅಂದರೆ ಹೊರಗಿನಿಂದ ಬಂದು ಸೇರಿದ ಜನ. ಇಷ್ಟು ಹೇಳಿ ಪಾಸ್ಟರು ನಕ್ಕರು. "ಖರೆ ಹೇಳಬೇಕಂದ್ರ ತೋಟದವರು ಹಿಂಗ ಮಾಡಂಗಿಲ್ರಿ. ಕಾಡಗಿಡದ ಬುಡಕ್ಕ ಛಲೋ ಜಾತಿ ಟೊಂಗಿ ಕಟ್ತಾರ, ಛಲೋ ಗಿಡಕ್ಕ ಕಾಡಟೊಂಗಿ ಯಾರೂ ಕಟ್ಟಂಗಿಲ್ಲ. ಪೌಲರು ಡೇರೆ ಹೊಲಿಯೋರು, ಪ್ಯಾಟಿ ಮಂದಿ. ಕಸಿ ಬಗ್ಗೆ ಅಷ್ಟು ಗೊತ್ತಿರಲಿಲ್ಲ ಅಂತ ಕಾಣಸ್ತೈತಿ."

ಸಭೆಯೆಲ್ಲ ನಕ್ಕಿತು. ಮಾವನವರು ನಗಲಿಲ್ಲ. ಈ ಉಲ್ಟಾ ಕಸಿ ಮೂವತ್ತು ವರ್ಷ ಅವರನ್ನೂ ಕಾಡಿತ್ತು. ಆದರೆ ತಾವು ಮನಸ್ಸಿನಲ್ಲೇ ಅಪೊಸ್ತಲರನ್ನು ಅನುಮಾನಿಸುವುದು ಬೇರೆ, ನಿನ್ನೆ ಬಂದ ಪಾಸ್ಟರು ಎಲ್ಲರೆದುರು ನಗುವುದು ಬೇರೆ. ಎದ್ದು ನಿಂತರು. "ಪಾಸ್ಟರ, ಅಪೊಸ್ತಲರದು ತಪ್ಪಿಲ್ಲ. ಒಂದ ಸುಗ್ಗಿ ಬಿಟ್ಟು ಇನ್ನೊಂದ ಸುಗ್ಗಿಗೆ ಎಲ್ಲಾರೂ ನಮ್ಮ ಹಿತ್ತಲಕ ಬರ್ರಿ. ನಮ್ಮ ಛಲೋ ಬಾರಿಗಿಡಕ್ಕ ಕಾಡಬಾರಿ ಕಟ್ಟತೇನಿ. ಅದರಾಗ ಸಿಹಿ ಹಣ್ಣು ಬಿಡಿಸಿ ನಿಮಗ ತಿನ್ನಸ್ತೇನಿ."

"ಕಾಡಬಾರಿ ಎಲ್ಲಿಂದ ತರ್ತೀರಿ?" ಎಂದು ಯಾರೋ ಕೇಳಿದರು.

"ಬೇವೂರಿಂದ," ಅಂದರು ಮಾವನವರು.

ಇಡೀ ಸಭೆ ಹಿಂದೆ ತಿರುಗಿ ಕೊನೆಯ ಬೆಂಚಿನ ಮೇಲೆ ಕೂತಿದ್ದ ನನ್ನನ್ನು ನೋಡಿತು. ನಾನು ಅಂಗಿಯ ಗುಂಡಿ ಸರಿಪಡಿಸಿಕೊಂಡೆ. ಅವತ್ತಿನಿಂದ ಆ ಟೊಂಗೆಗೆ ಆದದ್ದೆಲ್ಲ ನನಗೇ ಆದಂತೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಕುರಿ ಕಾಯುವವರ ಮಗನಾದ ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಕಾಡುಬಾರಿಯನ್ನು ಎಲ್ಲಿ ಕಟ್ಟಿದರೂ ಅದು ಕಾಡುಬಾರಿಯನ್ನೇ ಬಿಡುತ್ತದೆ.

ಮಳೆಗಾಲದ ಶುರುವಿಗೆ ನಮ್ಮಪ್ಪ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದ. ಹಿತ್ತಲಿಗೆ ಹೋಗಿ ಬಾರಿಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.

"ಬೀಗರ, ಇಲ್ಲಿ ಗಂಟ ಐತಲ್ರಿ. ಈ ಗಿಡದ ಬುಡಾನೂ ಕಾಡಬಾರಿನ."

"ಹೌದು. ನಾನ ಕಸಿ ಕಟ್ಟಿದ್ದು," ಅಂದರು ಮಾವನವರು.

"ಹಂಗಾದ್ರ ಇದರಾಗ ಮನಿಯವ್ರು ಯಾರು, ಹೊರಗಿನವ್ರು ಯಾರು?"

ಮಾವನವರು ಚಹಾ ಮಾಡಲು ಒಳಗೆ ಕೂಗಿ ಹೇಳಿದರು. ಅಪ್ಪನೂ ಹೆಚ್ಚು ಬಲವಂತ ಮಾಡಲಿಲ್ಲ. ತನ್ನ ಆಡುಗಳು ಎರಡೂ ಜಾತಿಯನ್ನು ತಿನ್ನುತ್ತವೆ, ಅವುಗಳಿಗೆ ಈ ಪ್ರಶ್ನೆಯೇ ಇಲ್ಲ ಅಂದ.

ಕಸಿ ಕಟ್ಟುವ ಹೊತ್ತಿಗೆ ಅತ್ತೆಯವರೂ ಬಂದು ನಿಂತರು. ಅವರು ಕೊಂಡಿ ಹಾಕುವುದರಲ್ಲಿ ಕೈ ಪಳಗಿದವರು. ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಅಂದರೆ ಉದ್ದದ ಎಳೆ, ಸೆರಗಿಗೆ ರೇಷ್ಮೆಯ ಹಾಸು. ಬೇರೆ ಬೇರೆಯಾದ ಈ ಎರಡನ್ನು ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಮಾವನವರು ನರ್ಸರಿಯಿಂದ ಉಳಿಸಿಕೊಂಡಿದ್ದ ಪ್ಲಾಸ್ಟಿಕ್ ಪಟ್ಟಿಯಿಂದ ಟೊಂಗೆಯನ್ನು ಸುತ್ತುವುದನ್ನು ನೋಡುತ್ತ ಅತ್ತೆ ಹೇಳಿದರು: "ಇಷ್ಟಕ್ಕ ಯಾಕ ಸಭಾದಾಗ ಎದ್ದು ನಿಂತ್ರಿ? ಹತ್ತಿ ಹತ್ತಿಯಾಗೇ ಇರ್ತೈತಿ, ರೇಷ್ಮಿ ರೇಷ್ಮಿಯಾಗೇ ಇರ್ತೈತಿ. ಉಟ್ಟಾಕಿ ಮಾತ್ರ ಒಂದ ಸೀರಿ ಉಡ್ತಾಳ."

"ನಿನಗ ಶಾಸ್ತ್ರ ತಿಳಿಯಂಗಿಲ್ಲ ಸುಮ್ಮನಿರು," ಅಂದರು ಮಾವನವರು. ಅತ್ತೆ ಸಡಿಲ ಬಿದ್ದಿದ್ದ ಪಟ್ಟಿಯ ತುದಿಯನ್ನು ತಾವೇ ಬಿಗಿದು ಒಳಗೆ ಹೋದರು.

ಟೊಂಗೆ ಹತ್ತಿಕೊಂಡು ಚಿಗುರಿತು. ಮಾವನವರು ಪ್ರತಿದಿನ ಬೆಳಗ್ಗೆ ಗೇಣು ಹಾಕಿ ಅಳೆಯುತ್ತಿದ್ದರು. ನೀರಿನ ಕಾಲುವೆಯ ದಂಡೆಯ ಮರದ ಹಾಗೆ ನೀತಿವಂತನು ಬಾಡುವುದಿಲ್ಲ ಎಂಬ ಕೀರ್ತನೆಯನ್ನು ಅದರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ನಾನೂ ಶಾಲೆಯಿಂದ ಬಂದವನೇ ಮೊದಲು ಹಿತ್ತಲಿಗೆ ಹೋಗುತ್ತಿದ್ದೆ. ಎಲೆಗೆ ಹುಳ ಬಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. "ಗಿಡಕ್ಕ ಜ್ವರ ಬಂದ್ರ ನೀವು ರಜಾ ಹಾಕ್ತೀರೇನು?" ಎಂದು ಶಾಂತಾ ನಗುತ್ತಿದ್ದಳು. ಎರಡನೆಯ ಚಳಿಗಾಲಕ್ಕೆ ಕಡಲೆಕಾಳಿನಷ್ಟಷ್ಟೇ ಹಣ್ಣು ಬಂದವು. ಯಾರೂ ಇಲ್ಲದಾಗ ಒಂದನ್ನು ಬಾಯಿಗೆ ಹಾಕಿಕೊಂಡೆ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಅಷ್ಟು ಹುಳಿ.

ಹಬ್ಬದ ಹಿಂದಿನ ಶನಿವಾರ ಸಂಜೆ ಎಲ್ಲರೂ ಹಾಡಿನ ಅಭ್ಯಾಸಕ್ಕೆ ಹೋಗಿದ್ದಾಗ ನಾನೊಂದು ಘನಕಾರ್ಯ ಮಾಡಿದೆ. ಅದೇ ಗಿಡದ ಮೇಲಿನ ಟೊಂಗೆಗಳಿಂದ ದಪ್ಪ ಸಿಹಿಹಣ್ಣು ಕಿತ್ತು, ಬಿಳಿ ಹೊಲಿಗೆ ದಾರದಿಂದ ಬೇವೂರು ಟೊಂಗೆಗೆ ಹತ್ತೆಂಟು ಕಟ್ಟಿದೆ. ಮಾವನವರ ಮಾತು ಉಳಿಯಬೇಕು, ನನ್ನ ಊರಿನ ಮಾನವೂ ಉಳಿಯಬೇಕು ಎಂಬುದು ನನ್ನ ಲೆಕ್ಕಾಚಾರ. ಗೋಡೆಯ ಕಡೆಗೆ ಆಗಲೇ ಒಂದೆರಡು ದಪ್ಪ ಹಣ್ಣು ಕಂಡಂತಾಯಿತು. ಅವಸರದಲ್ಲಿ ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ಮರುದಿನ ಆರಾಧನೆ ಮುಗಿಸಿ ಸಭೆಯ ಹನ್ನೊಂದು ಮನೆಯವರೂ ನಮ್ಮ ಹಿತ್ತಲಿಗೆ ಬಂದರು. ಬೇವೂರು ಟೊಂಗೆ ಹಣ್ಣಿನ ಭಾರಕ್ಕೆ ನೆಲ ಮುಟ್ಟುವಂತಿತ್ತು. ನಾನು ಕಟ್ಟಿದ್ದಕ್ಕಿಂತ ಬಹಳ ಹೆಚ್ಚು ಹಣ್ಣು. ನನಗೆ ಒಳಗೊಳಗೇ ಭಯವಾಯಿತು.

"ಕಿತ್ಕೊಳ್ರಿ ಪಾಸ್ಟರ," ಅಂದರು ಮಾವನವರು.

ಪಾಸ್ಟರು ಒಂದನ್ನು ಎಳೆದರು. ಬರಲಿಲ್ಲ. ಜಗ್ಗಿ ಎಳೆದರು. ಹಣ್ಣಿನ ಹಿಂದೆ ಕೆಂಪು ರೇಷ್ಮೆ ಎಳೆ, ಅಚ್ಚುಕಟ್ಟಾದ ಕೊಂಡಿ. ಎಲ್ಲರೂ ಅತ್ತೆಯವರ ಕಡೆ ನೋಡಿದರು. ಅತ್ತೆ ಆಕಾಶ ನೋಡುತ್ತಿದ್ದರು. ಇನ್ನೊಂದನ್ನು ಎಳೆದರು. ಬಿಳಿ ದಾರ, ಕುರಿಮರಿ ಕಟ್ಟುವ ಗಂಟು. ಶಾಂತಾ ನನ್ನನ್ನು ನೋಡಿ ತಲೆ ಚಚ್ಚಿಕೊಂಡಳು. ಪಾಸ್ಟರು ಗೋಡೆಯ ಕಡೆಯ ಹಣ್ಣಿಗೆ ಕೈಹಾಕಿದರು. ಅದನ್ನು ಟೊಂಗೆಗೆ ಬಿಗಿದಿದ್ದದ್ದು ನರ್ಸರಿಯ ಪ್ಲಾಸ್ಟಿಕ್ ಪಟ್ಟಿ.

ಆಮೇಲೆ ಎದ್ದ ನಗು ಅರ್ಧ ಓಣಿಗೆ ಕೇಳಿಸಿರಬೇಕು. ಶುಕ್ರವಾರ ಮಾವನವರು ಕಟ್ಟಿದ್ದರು, ಶನಿವಾರ ನಾನು, ಭಾನುವಾರ ಬೆಳಗಿನ ಜಾವ ಅತ್ತೆ. ಅತ್ತೆಯಂತೂ ಟೊಂಗೆಯಲ್ಲಿ ಆಗಲೇ ದಪ್ಪ ಹಣ್ಣಿದ್ದದ್ದನ್ನು ಕಂಡು, ದೇವರು ಅರ್ಧ ಕೆಲಸ ಮುಗಿಸಿದ್ದಾನೆ, ಉಳಿದರ್ಧ ನಾನು ಮಾಡಿದರಾಯಿತು ಅಂದುಕೊಂಡರಂತೆ. ನಾನೂ ನಗುತ್ತಲೇ ಇದ್ದೆ, ಅಷ್ಟರಲ್ಲಿ ಒಂದು ಮಾತು ಹೊಳೆಯಿತು. ಬೇವೂರಿನ ಟೊಂಗೆಗೆ ಕೆಟ್ಟ ಹೆಸರು ಬರಬಾರದೆಂದು ಈ ಮನೆಯಲ್ಲಿ ಕದ್ದುಮುಚ್ಚಿ ಒದ್ದಾಡಿದವನು ನಾನೊಬ್ಬನೇ ಆಗಿರಲಿಲ್ಲ.

ಮಾವನವರು ನಗು ನಿಲ್ಲುವವರೆಗೆ ತಲೆತಗ್ಗಿಸಿ ನಿಂತಿದ್ದರು. ಆಮೇಲೆ ಕಟ್ಟಿದ ಹಣ್ಣುಗಳನ್ನು ಒಂದೊಂದಾಗಿ ಬಿಚ್ಚಿ ಅತ್ತೆಯ ಸೆರಗಿಗೆ ಹಾಕಿದರು. ಎಲೆಗಳ ನಡುವೆ ಹುಡುಕಿ ಒಂದು ಅಸಲಿ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಅವರ ಎಡಗಣ್ಣೂ ಮುಚ್ಚಿಕೊಂಡಿತು.

"ಹುಳಿ ಐತಿ," ಅಂದರು.

"ಹಂಗಾದ್ರ ಕಡದು ಒಗೀತೀರೇನ್ರಿ ಹಿರ್ಯಾರ?" ಎಂದು ಪಾಸ್ಟರು ಕೇಳಿದರು. ಅವರು ಕೇಳಿದ್ದು ತಮಾಷೆಗೆ. ಆದರೆ ನಾನು ಮಾವನವರ ಬಾಯನ್ನೇ ನೋಡಿದೆ.

"ಯಾಕ ಕಡೀಲಿ? ನಾನ ಹೋಗಿ ಕೇಳಿ ತರಿಸಿ ಕಟ್ಟೀನಿ. ಬೇರು ಒಪ್ಪಿ ನೀರು ಕೊಟ್ಟೈತಿ." ಬೀಜ ಉಗುಳಿದರು. "ತಪ್ಪು ಅಪೊಸ್ತಲರದಲ್ಲ, ನಂದು. ನಿನ್ನೆ ಮತ್ತೊಮ್ಮೆ ಓದಿದೆ, ಆದ್ರ ಕಟ್ಟಿದ್ದನ್ನ ಬಿಚ್ಚಾಕ ಧೈರ್ಯ ಸಾಲಲಿಲ್ಲ. ಕಾಡಟೊಂಗಿ ಬೇರಿನ ರಸಕ್ಕ ಪಾಲುದಾರ ಆತು ಅಂತ ಬರದಾರ. ಹಣ್ಣು ಸಿಹಿ ಆತು ಅಂತ ಎಲ್ಲೂ ಬರದಿಲ್ಲ. ಅದು ನಾ ಕೂಡಿಸಿದ್ದು. ಹುಳಿ ಇದ್ರ ಇರ್ಲಿ. ಇದು ನಮ್ಮ ಗಿಡದ್ದ."

ಹೇಳುವಾಗ ಅವರು ಟೊಂಗೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಅತ್ತೆ ಒಳಗಿನಿಂದ ಉಪ್ಪು-ಖಾರ ತಂದರು. ಸಭೆಯ ಹೆಂಗಸರು ಆ ಹುಳಿಹಣ್ಣನ್ನು ಒಂದೂ ಬಿಡದೆ ತಿಂದು ಹೋದರು. ಸಿಹಿಹಣ್ಣು ಹಾಗೇ ಉಳಿಯಿತು.

ಈಗ ಆ ಟೊಂಗೆ ಗೋಡೆ ದಾಟಿ ಓಣಿಗೆ ಬಾಗಿದೆ. ಮಾವನವರು ಸಭೆಯ ಜನರಿಗೆ ಮರದ ಹೆಸರಿಡುವುದನ್ನು ಬಿಟ್ಟಿದ್ದಾರೆ. ಯಾಕೆಂದು ಕೇಳಿದರೆ, ಎಲ್ಲಾರ ಬುಡಾನೂ ನೋಡೀನಿ, ಎಲ್ಲಾ ಕಾಡಬಾರಿನ, ಅನ್ನುತ್ತಾರೆ.

ಇಷ್ಟು ಹೊತ್ತು ತಕ್ಕಡಿ ಹಿಡಿದು ಕೂತಿದ್ದ ಗಾಡಿಯ ಅಜ್ಜಿಗೆ ಕೊನೆಗೂ ಬೇಸರ ಬಂತು. ನನ್ನ ಮುಖವನ್ನೇ ನೋಡಿ ಕೇಳಿದಳು: "ಯಾರ ಪೈಕಿ ನೀವು?"

ನಮ್ಮ ಕಡೆ ಈ ಪ್ರಶ್ನೆಗೆ ಊರು, ಮನೆತನ, ದೇವರು ಎಲ್ಲ ಸೇರಿದ ಉತ್ತರ ಕೊಡಬೇಕು. ನಾನು ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತು: "ಯೋಹಾನಪ್ಪನವರ ಮನ್ಯಾಂವ."

"ಒಂದ ಗಿಡದಾಗ ಎರಡ ಥರ ಹಣ್ಣು ಬಿಡತಾವಲ್ಲ, ಆ ಮನಿ?"

"ಹೌದವ್ವ, ಅದ ಮನಿ."

ಅಜ್ಜಿ ನನ್ನ ಕೈಯಲ್ಲಿದ್ದ ಹಣ್ಣುಗಳನ್ನು ತೆಗೆದು ರಾಶಿಗೆ ಹಾಕಿದಳು. "ಮನ್ಯಾಗ ಗಿಡ ಇಟ್ಕೊಂಡು ಇಲ್ಲೇನ ಆರಸಾಕತ್ತೀರಿ? ಮನಿಗೆ ಹೋಗ್ರಿ."

ನಾನು ಮನೆಗೆ ಹೋದೆ.