ಮಾಬೂಬಿ ಒತ್ತಿದ ಕೈ

ಮೊನ್ನೆ ರಕ್ತಪರೀಕ್ಷೆಗೆ ಹೋಗಿದ್ದೆ. ಮನೆಗೆ ಬಂದು ನೋಡಿದರೆ ಸೂಜಿ ಚುಚ್ಚಿದಲ್ಲಿ ನೇರಳೆಹಣ್ಣಿನಷ್ಟು ಅಗಲದ ನೀಲಿ ಕಲೆ. ನನಗೆ ಸಿಟ್ಟು ನೆತ್ತಿಗೇರಿತು. ಲ್ಯಾಬಿನ ಹುಡುಗಿಗೆ ಚುಚ್ಚಲು ಬರುವುದಿಲ್ಲ, ನಾಳೆ ಹೋಗಿ ಬೈಯಲೇಬೇಕು ಎಂದುಕೊಂಡೆ. ಬೈಗುಳವನ್ನು ಮನಸ್ಸಿನಲ್ಲೇ ಜೋಡಿಸುತ್ತಿರುವಾಗ ಅದು ನನ್ನದಲ್ಲ, ನನ್ನಜ್ಜಿಯ ದನಿ ಅನ್ನಿಸಿ ನಗು ಬಂತು.

ಎಪ್ಪತ್ತರ ದಶಕದ ಮಾತು. ನಮ್ಮೂರು ತಾಳ್ಯದಲ್ಲಿ ಬೀದಿಗೆಲ್ಲ ಬಳೆ ತೊಡಿಸುತ್ತಿದ್ದವಳು ಹೊಳಲ್ಕೆರೆಯ ಮಾಬೂಬಿ. ಹೆಗಲ ಮೇಲೆ ಬಳೆಯ ಮಲಾರ, ಬಾಯಲ್ಲಿ ಎಲೆಅಡಿಕೆ. ಕೈಬೆರಳು ಕೂಡಿಸಿ ಹೆಬ್ಬೆರಳ ಬುಡವನ್ನು ಅವಳು ಒತ್ತುವ ಹೊತ್ತಿಗೆ ಏನಾದರೂ ಕೇಳುತ್ತಿದ್ದಳು. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ನಾನು ಹತ್ತು ವರ್ಷದವಳು, ಬಳೆಯೆಂದರೆ ಪ್ರಾಣ. ಆ ವರ್ಷ ಗೌರಿ ಹಬ್ಬಕ್ಕೆ ಹಸಿರು ಬಳೆ ತೊಟ್ಟೆ. ಬೆಳಗ್ಗೆ ಎದ್ದರೆ ಎರಡೂ ಕೈ ನೀಲಿಗಟ್ಟಿದ್ದವು.

ನಮ್ಮಜ್ಜಿ ಮಾಬೂಬಿಯನ್ನು ಜಗಲಿಗೆ ಕರೆಸಿ ಬೀದಿಗೆಲ್ಲ ಕೇಳುವಂತೆ ಶುರು ಮಾಡಿದಳು. “ಮಗೀನ ಕೈ ಹಿಂಡಿ ಹಿಪ್ಪೆ ಮಾಡಿಟ್ಟೀಯಲ್ಲೇ! ಇನ್ ನಮ್ಮನೆ ಹೊಸ್ತಿಲು ತುಳೀಬ್ಯಾಡ.”

ಮಾಬೂಬಿ ಹತ್ತಿರ ಬಂದಳು. ನನ್ನ ಕೈಯನ್ನು ಹೊರಳಿಸಿ ನೋಡಿದಳು. ಆಮೇಲೆ ಕುಕ್ಕುರುಗಾಲಲ್ಲಿ ಕೂತು ನನ್ನ ಲಂಗವನ್ನು ಮೊಣಕಾಲಿನವರೆಗೆ ಎತ್ತಿದಳು. ಕಾಲ ತುಂಬ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು!

“ಅಮ್ಮಾ, ಕಾಲಿಗೂ ನಾನೇ ಬಳೆ ತೊಡ್ಸಿದ್ನೇನ್ರೀ? ಮೊದ್ಲು ದುರ್ಗಕ್ಕೆ ಕರ್ಕಂಡ್ ಹೋಗ್ರಿ” ಎಂದವಳೇ ಮಲಾರ ಹೆಗಲಿಗೇರಿಸಿ ನಡೆದುಬಿಟ್ಟಳು. ಬಾಯಿಗೆ ಬಾಯಿ ಕೊಡುವ ನಮ್ಮಜ್ಜಿ ಅಂದೇ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಚಿತ್ರದುರ್ಗದ ಡಾಕ್ಟರು ನನ್ನ ಬೆರಳು ಚುಚ್ಚಿ ರಕ್ತ ತೆಗೆದು ಪರೀಕ್ಷಿಸಿದರು. ಹದಿನೈದು ದಿನದ ಹಿಂದೆ ಜ್ವರ ಬಂದುಹೋಗಿದ್ದನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ಅಜ್ಜಿಯ ಕಡೆ ತಿರುಗಿದರು.

“ರಕ್ತ ನಿಲ್ಸೋಕೆ ಪ್ಲೇಟ್ಲೆಟ್ ಅಂತ ಚೂರು ಅವೆ ಅಮ್ಮ. ಇವ್ಳಿಗೆ ಅವು ಕಡಿಮೆ ಆಗ್ಯಾವೆ. ಮೂಳೆ ಒಳಗಿನ ಮಜ್ಜೇಲಿ ದೊಡ್ಡ ದೊಡ್ಡ ಕಣ ಇರ್ತವೆ. ನೀವು ರೊಟ್ಟಿ ಹಿಟ್ಟು ನಾದಿ ಚೂರು ಚೂರು ಕೀಳ್ತೀರಲ್ಲ, ಹಂಗೆ ಅವು ತಮ್ಮ ಮೈನೇ ಕಿತ್ತು ಕಿತ್ತು ರಕ್ತಕ್ಕೆ ಬಿಡ್ತವೆ. ಎಂಟತ್ತು ದಿನ ದುಡಿದು ಹಳೇವಾದ್ವು ಎಡಪಕ್ಕೆ ಒಳಗಿನ ಗುಲ್ಮದಾಗೆ ಕರಗಿ ಹೋಗ್ತವೆ.”

“ಹಂಗಾರೆ ಇವ್ಳ ಮೂಳೆ ಸೋಮಾರಿ ಬಿದ್ದೈತಾ?”

“ಇಲ್ಲಮ್ಮ, ಅದು ಬಿಡುವಿಲ್ದೆ ಮಾಡ್ತಾನೇ ಐತೆ. ಜ್ವರ ಬಂದು ಹೋದ್ಮೇಲೆ ಮೈ ತಪ್ಪು ತಿಳ್ಕಂಡೈತೆ. ತನ್ನವನ್ನೇ ಬ್ಯಾರೆಯವು ಅಂತ ಹಿಡಿದು ಮುಗಿಸ್ತೈತೆ. ಮಾತ್ರೆ ಕೊಡ್ತೀನಿ, ಸರಿಹೋಗ್ತೈತೆ. ಅಲ್ಲೀತನಕ ಬಳೆ ಬ್ಯಾಡ.”

ತನ್ನವರನ್ನೇ ಬೇರೆಯವರೆಂದು ತಿಳಿದ ಮಾತು ಅಜ್ಜಿಗೆ ಎಲ್ಲಿ ನಾಟಿತೋ, ಬಸ್ಸಿನಲ್ಲಿ ಊರು ಬರುವವರೆಗೂ ಅವಳು ನನ್ನ ಕೈಯ ನೀಲಿ ಕಲೆಗಳನ್ನೇ ಸವರುತ್ತ ಕೂತಿದ್ದಳು.

ಮುಂದೆ ದೊಡ್ಡವಳಾದ ಮೇಲೆ ಓದಿ ತಿಳಿದದ್ದು ಇನ್ನೂ ಸೊಗಸಾಗಿದೆ. ಮಜ್ಜೆಗೆ ಕೆಲಸ ಹೇಳುವ ರಸವೊಂದನ್ನು ಯಕೃತ್ತು ರಕ್ತಕ್ಕೆ ಬಿಡುತ್ತಲೇ ಇರುತ್ತದಂತೆ. ಓಡಾಡುವ ಪ್ಲೇಟ್ಲೆಟ್‌ಗಳೇ ಅದನ್ನು ಹೀರಿಕೊಳ್ಳುತ್ತವೆ. ಅವು ಕಡಿಮೆಯಾದರೆ ಹೀರುವವರಿಲ್ಲದೆ ರಸ ಹೆಚ್ಚಾಗಿ ಮಜ್ಜೆಗೆ ತಲುಪುತ್ತದೆ, ಕೆಲಸ ಜೋರಾಗುತ್ತದೆ. ಹೆಚ್ಚಾದರೆ ತಾನಾಗಿ ನಿಧಾನ. ರೊಟ್ಟಿ ಬುಟ್ಟಿ ನೋಡಿಕೊಂಡು ಹಿಟ್ಟು ಕಲಸುವ ನಮ್ಮಮ್ಮನಿಗೂ ಇಷ್ಟು ಲೆಕ್ಕ ಸಿಕ್ಕುತ್ತಿರಲಿಲ್ಲ ಬಿಡಿ!

ಮಾತ್ರೆ ನುಂಗಿ ನನ್ನ ಮುಖ ಕುಂಬಳಕಾಯಿಯಂತೆ ಊದಿಕೊಂಡಿತು, ಚುಕ್ಕೆಗಳು ಮಾಯವಾದವು. ಆದರೆ ಮಾಬೂಬಿ ಮೂರು ತಿಂಗಳು ನಮ್ಮ ಬೀದಿಗೇ ಬರಲಿಲ್ಲ. ಬೇರೆಯವರು ತಂದ ಬಳೆಗೆ ನಾನು ಕೈ ಕೊಡಲಿಲ್ಲ, ಬರಿಗೈಯಲ್ಲೇ ಶಾಲೆಗೆ ಹೋದೆ. ಕೊನೆಗೆ ಅಜ್ಜಿಯೇ ಹೊಳಲ್ಕೆರೆಗೆ ಹೋಗಿ ಅವಳನ್ನು ಕರೆತಂದಳು. ಜಗಲಿಯಲ್ಲಿ ಕೂರಿಸಿ, ಬೀದಿಯ ಹೆಂಗಸರೆಲ್ಲ ನೋಡುತ್ತಿರುವಾಗ ತನ್ನ ಕೈಯನ್ನೇ ಮೊದಲು ಮುಂದೆ ಚಾಚಿದಳು.

“ತೊಡ್ಸೇ. ಗಟ್ಟಿಯಾಗೇ ಹಿಂಡು.”

ಮಾಬೂಬಿ ಡಜನ್ ಬಳೆ ಏರಿಸಿ ಕೈ ಹೊರಳಿಸಿ ತೋರಿಸಿದಳು. “ನೋಡ್ರಮ್ಮಾ, ಒಂದ್ ಗೆರೀನಾರ ಐತಾ?”

ಅಜ್ಜಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಹೊತ್ತು ಅವಳ ಕಣ್ಣು ತುಂಬಿತ್ತು.

ಇಷ್ಟೆಲ್ಲ ನೆನಪಾದ ಮೇಲೆ ಸೀರೆ ಎತ್ತಿ ನನ್ನ ಕಾಲು ನೋಡಿಕೊಂಡೆ. ಒಂದು ಚುಕ್ಕೆಯೂ ಇಲ್ಲ. ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ ಎಂದು ಆ ಹುಡುಗಿ ಎರಡು ಸಲ ಹೇಳಿದ್ದಳು. ಕನ್ನಡಕ ಹುಡುಕುವ ಗಡಿಬಿಡಿಯಲ್ಲಿ ಅರ್ಧ ನಿಮಿಷಕ್ಕೇ ಅದನ್ನು ಬಿಸಾಕಿದವಳು ನಾನು.

ಮಾರನೆಯ ದಿನ ರಿಪೋರ್ಟು ತರಲು ಹೋದಾಗ ನನ್ನ ಕೈ ನೋಡಿ ಅವಳು ಬೆಚ್ಚಿದಳು. “ಅಯ್ಯೋ ಅಜ್ಜಿ, ನಾನೇ ಸರಿಯಾಗಿ ಚುಚ್ಚಲಿಲ್ವೇನೋ!”

“ನಿಂದೇನೂ ಇಲ್ಲ ಕಣಮ್ಮ. ತಪ್ಪು ನಂದೇ” ಎಂದೆ.

ನಮ್ಮಜ್ಜಿ ಹೇಳದೆ ಉಳಿಸಿಹೋದ ಮಾತು ಕೊನೆಗೂ ನಮ್ಮ ಮನೆಯವರ ಬಾಯಲ್ಲಿ ಬಂತು.