ಪಕ್ಕದ ಮನೆಯ ನೀಲಿ ರೇಷ್ಮೆಯ ಹೆಂಗಸು

ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದ ಖುರ್ಷೀದ್, ನಿವೃತ್ತಿಯಾದ ಮೇಲೆ ಮಗಳನ್ನು ನೋಡಲೆಂದು ಲಿಮೆರಿಕ್ ಎಂಬ ಐರಿಷ್ ಊರಿಗೆ ಬಂದರು. ಬಂದ ಸ್ವಲ್ಪ ದಿನಕ್ಕೇ ಲಾಕ್‌ಡೌನ್ ಆಯಿತು, ವಿಮಾನಗಳು ನಿಂತವು. ಮಗಳು ನಿದಾ ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಸೋಂಕು ತಾಯಿಗೆ ತಗಲದಿರಲೆಂದು ಅವಳು ಮಹಡಿಯ ಕೋಣೆಯಲ್ಲೇ ಉಂಡು ಮಲಗುತ್ತಿದ್ದಳು. ಹೀಗಾಗಿ ಖುರ್ಷೀದರಿಗೆ ಮಾತಿಗೆ ಸಿಕ್ಕವರೆಂದರೆ ಹಿತ್ತಿಲ ಗೋಡೆಯಾಚೆಯ ಮುದುಕಿ ಬ್ರೀಡಾ ಒಬ್ಬರೇ.

ಈಕೆ ಚಿತ್ರ ಕಲಿಸುವವರು ಎಂದು ತಿಳಿದದ್ದೇ ತಡ, ಬ್ರೀಡಾ ದಿನವೂ ಹ್ಯಾನ್ರಹಾನ್ ಎಂಬ ಚಿತ್ರಕಾರನ ಕಥೆ ಹೇಳತೊಡಗಿದರು. ಬ್ರೀಡಾರ ಮುತ್ತಜ್ಜಿ ಅವನ ಮನೆಗೆಲಸಕ್ಕಿದ್ದವಳು. ಅವನು ಬೇಕರಿಯವನ ಮಗ. ಲಂಡನ್ನಿಗೆ ಹೋಗಿ, ದೊಡ್ಡ ಮನೆತನದ ಹೆಂಗಸರ ಚಿತ್ರ ಬರೆದು, ಸಾರೋಟಿನಲ್ಲಿ ಓಡಾಡಿದ. ಕಾಲ ಬದಲಾದಾಗ ಯಾರೂ ಕರೆಯದೆ ಊರಿಗೆ ಮರಳಿ, ಬಾಡಿಗೆ ಮನೆಯಲ್ಲಿ ಸತ್ತ. ಬ್ರೀಡಾರ ಇಂಗ್ಲಿಷಿನಲ್ಲಿ ಅರ್ಧ ಮಾತು ಗಾಳಿಪಾಲಾಗುತ್ತಿತ್ತು. ಸಮುದ್ರದಲ್ಲಿ ಮುಳುಗಿದವನು ಅವನ ತಮ್ಮನೋ ಭಾವನೋ, ಎರಡು ಮದುವೆಯಾದವರು ಯಾರೋ, ಖುರ್ಷೀದರಿಗೆ ಕೊನೆಗೂ ತಿಳಿಯಲಿಲ್ಲ.

ಹ್ಯಾನ್ರಹಾನ್ ಬರೆದ ಒಂದು ಪಟ ಮಾತ್ರ ಬ್ರೀಡಾರ ಮುಂದಿನ ಕೋಣೆಯಲ್ಲಿತ್ತು. ಬೀದಿಯಿಂದ ನೋಡಿದರೆ ಕಿಟಕಿಯ ಗಾಜಿನಾಚೆ ನೀಲಿ ರೇಷ್ಮೆ, ಮುತ್ತಿನ ಸರ ಕಾಣುತ್ತಿದ್ದವು.

"ಯಾರೋ ದೊಡ್ಡ ಮನೆತನದ ಕೌಂಟೆಸ್ ತನ್ನ ಗೌನು ಕಳಿಸಿದಳಂತೆ, ತಾನು ಮಾತ್ರ ಬರಲಿಲ್ಲ. ಅವನು ನಮ್ಮ ಮುತ್ತಜ್ಜಿಗೆ ಅದನ್ನು ತೊಡಿಸಿ ಕೂರಿಸಿದ," ಎಂದರು ಬ್ರೀಡಾ.

"ಹಾಗಾದರೆ ಮುಖ ಯಾರದು?"

"ಅದನ್ನು ನೀವೇ ಹೇಳಬೇಕು, ಟೀಚರಲ್ಲವೆ?"

ಬ್ರೀಡಾ ನಗುತ್ತ ಬಾಗಿಲು ಮುಚ್ಚಿಕೊಂಡರು. ಖುರ್ಷೀದ್ ಗೋಡೆಯ ಮೇಲೆ ಸುಳಿಯುತ್ತಿದ್ದ ಬೂದು ಬೆಕ್ಕನ್ನು ಓಡಿಸಿ ಒಳಗೆ ಹೋದರು.

ಏಪ್ರಿಲ್‌ನಲ್ಲಿ ಬ್ರೀಡಾಗೆ ಜ್ವರ ಬಂತು. ಆಂಬುಲೆನ್ಸ್ ಹತ್ತುವ ಮುನ್ನ ಮನೆಯ ಕೀಲಿಯನ್ನು ಗೋಡೆಯ ಮೇಲಿಟ್ಟು, "ಮೈಂಡ್ ಹರ್," ಎಂದರು. ಮುಖಗವಸಿನೊಳಗಿನಿಂದ ಕೇಳಿಸಿದ್ದು ಅಷ್ಟೇ. ನೆವರ್ ಮೈಂಡ್ ಅನ್ನುವಂತೆ, ತಲೆ ಕೆಡಿಸಿಕೊಳ್ಳಬೇಡಿ ಎಂದೇ? ಹಾಗಾದರೆ ಕೀಲಿ ಯಾಕೆ? ಕೀಲಿಯನ್ನು ಸೋಪಿನ ನೀರಿಗೆ ಹಾಕಿ, ಮೆಟ್ಟಿಲ ಕೆಳಗೆ ನಿಂತು ಮಗಳನ್ನು ಕೇಳಿದರು.

"ಅಮ್ಮಿ, ಇಲ್ಲಿ ಮೈಂಡ್ ಮಾಡೋದು ಅಂದ್ರೆ ನೋಡ್ಕೊಳ್ಳೋದು. ಅವಳನ್ನ ನೋಡ್ಕೊಳ್ಳಿ ಅಂದಿದ್ದಾರೆ," ಎಂದಳು ನಿದಾ ಮೇಲಿನಿಂದ.

"ಯಾರನ್ನ? ಮನೇಲಿ ಯಾರೂ ಇಲ್ವಲ್ಲೇ."

"ಆ ಪಟಾನೇ ಇರ್ಬೇಕು. ಅವ್ರು ಯಾವಾಗ್ಲೂ ಅದರ ಮಾತೇ ಆಡ್ತಾರಲ್ಲ."

ಖುರ್ಷೀದ್ ದಿನವೂ ಆ ಮನೆಯ ಕಿಟಕಿ ತೆರೆದು, ಪಟಕ್ಕೆ ತೇವ ತಗಲದಂತೆ ನೋಡಿಕೊಂಡರು. ಒಳಗೆ ನುಗ್ಗಲು ಬಂದ ಬೆಕ್ಕನ್ನು ಗದರಿಸಿ ಅಟ್ಟಿದರು. ಪಟದ ಮುಂದೆ ಕೂತರೆ ಒಂದು ದಿನ ಆ ಮುಖ ಕೌಂಟೆಸಳದೇ ಅನ್ನಿಸುತ್ತಿತ್ತು. ಮರುದಿನ, ಯಾರಾದರೂ ಕೂಗಿದರೆ ಎದ್ದು ಓಡಲು ಕಾದಿರುವ ಕೆಲಸದವಳ ಕಣ್ಣು ಅನ್ನಿಸುತ್ತಿತ್ತು. ಕಡೆಗೆ ರೇಷ್ಮೆ, ಮುತ್ತು ಬಿಟ್ಟು ಬರಿಯ ಮುಖವನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು.

ಜೂನಿನಲ್ಲಿ ಬ್ರೀಡಾ ಕೋಲೂರಿಕೊಂಡು ಮರಳಿದರು. ಪಟದತ್ತ ಕಣ್ಣೂ ಹಾಯಿಸದೆ, "ನನ್ನ ಬೆಕ್ಕೆಲ್ಲಿ?" ಎಂದರು.

'ಹರ್' ಎಂದದ್ದು ತಾವು ಅಟ್ಟಿದ ಬೂದು ಬೆಕ್ಕನ್ನೇ ಎಂದು ಹೊಳೆದು ಖುರ್ಷೀದ್ ಮಗಳನ್ನು ಕೂಗಿದರು. ನಿದಾ ಬೀದಿಯೆಲ್ಲ ಹುಡುಕಿದಳು. ಬೀದಿಕೊನೆಯ ಮನೆಯೊಂದರಲ್ಲಿ ಬೆಕ್ಕು ಕೊಬ್ಬಿ ಗುಂಡಗಾಗಿ ಮಲಗಿತ್ತು. ಸಂಗತಿ ಕೇಳಿ ಬ್ರೀಡಾ ಕೆಮ್ಮು ಬರುವ ತನಕ ನಕ್ಕರು.

ಸಂಕೋಚ ತಡೆಯಲಾರದೆ ಖುರ್ಷೀದ್ ತಾವು ಬರೆದ ಚಿತ್ರವನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು. ಬ್ರೀಡಾ ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ನನ್ನ ಅಮ್ಮ. ಸಿಟ್ಟು ನುಂಗಿಕೊಂಡಾಗ ಹೀಗೇ ಇರುತ್ತಿದ್ದಳು. ಅಂದರೆ ಪಟದ ಮುಖ ನಮ್ಮ ಮುತ್ತಜ್ಜಿಯದೇ."

ಖುರ್ಷೀದರಿಗೆ ಸಂತೋಷಕ್ಕಿಂತ ಗಲಿಬಿಲಿಯೇ ಹೆಚ್ಚಾಯಿತು. ತಾವು ಬರೆದದ್ದು ಪಟದಲ್ಲಿದ್ದ ಮುಖವನ್ನೋ, ದಿನವೂ ಗೋಡೆಯಾಚೆ ನೋಡಿದ್ದ ಬ್ರೀಡಾರದನ್ನೋ? ಮುಚ್ಚಿಡದೆ ಹೇಳಿದರು: "ಬಹುಶಃ ನಿಮ್ಮ ಮುಖ ಬೆರೆತುಹೋಗಿದೆ. ನನಗೆ ಗೊತ್ತಾಗುತ್ತಿಲ್ಲ."

"ಗ್ರ್ಯಾಂಡ್, ಒಳ್ಳೆಯದೇ ಆಯಿತು," ಎಂದರು ಬ್ರೀಡಾ. "ನಾಳೆ ಪೆನ್ಸಿಲ್ ತನ್ನಿ. ಈ ಹಳೆಯ ಸ್ವೆಟರಿನಲ್ಲೇ ಕೂರುತ್ತೇನೆ."