ಪಾವ್ಣೇರಿಗೆ ಬಂದ ಫೋನು

ಶಾಂತಕ್ಕ, ಆ ಸಂಜೆ ಮಲ್ಲಪ್ಪಣ್ಣನ ಫೋನಿನಲ್ಲಿ ಕೇಳಿಸಿದ ದನಿ ನಿಮ್ಮೂರ ಸಾಹುಕಾರನದಲ್ಲ. ನನ್ನದು. ನಿಮ್ಮನ್ನು ಎರಡನೇ ಸಲ ಜಾಗ ಬಿಡಿಸಿದವನು ನಾನು — ಅದೂ ಒಂದು ಕಪ್ ಚಹಾದ ಪಂದ್ಯಕ್ಕೆ.

ನಾನು ಅಂದರೆ ನಿಂಬೆ ತೋಟದ ಯಜಮಾನರ ಅಕ್ಕನ ಮಗ. ಕಂಡಕ್ಟರನ ಸೀಟಿಯಿಂದ ಹೆಡ್ ಮಾಸ್ತರರ ಕೆಮ್ಮಿನವರೆಗೆ ಎಲ್ಲವನ್ನೂ ಬಾಯಲ್ಲಿ ತೆಗೆಯುವವನು. ಅಪ್ಪನ ಗೊರಕೆಯನ್ನು ಅಪ್ಪನೆದುರೇ ಹೊಡೆದು ಏಟು ತಿಂದವನು. ಸ್ವಂತ ಉಬ್ಬುಹಲ್ಲನ್ನೇ ಅಣಕಿಸಿ ಶಾಲೆಯ ಗ್ಯಾದರಿಂಗಿನಲ್ಲಿ ಚಪ್ಪಾಳೆ ಗಿಟ್ಟಿಸಿದವನು. ‘ಎಲ್ಲಾರ ದನಿ ತಗೀತಿ, ನಿಂದ ಅನ್ನೂದು ಒಂದ್ ಐತೋ ಇಲ್ಲೋ?’ ಎಂದು ನೀವೇ ಒಮ್ಮೆ ನಕ್ಕಿದ್ದಿರಿ. ಇದ್ದಿದ್ದರೆ, ಅಕ್ಕ, ಮರುದಿನ ಬೆಳಿಗ್ಗೆ ಅದು ಹೊರಗೆ ಬರಬೇಕಿತ್ತು.

ನೀವು ಗಂಡ ಹೆಂಡತಿ ಬಂದಾಗ ನಿಮ್ಮ ಜೊತೆ ಎರಡು ಗಂಟು, ಇಬ್ಬರು ಹೆಣ್ಣುಮಕ್ಕಳು. ಊರಿನ ಎರಡು ಪಾರ್ಟಿಗಳ ಹೊಡೆದಾಟದಲ್ಲಿ ಮನೆ ಸುಟ್ಟಿತ್ತು. ಹೊಲ ಅಲ್ಲೇ ಇತ್ತು, ಕಾಲಿಡುವಂತಿರಲಿಲ್ಲ. ಸಿಂದಗಿಯಲ್ಲಿ ಕೆಲಸ ಕೇಳಿದ್ದಿರಿ, ದೇವರ ಹಿಪ್ಪರಗಿಯಲ್ಲಿ ಕೇಳಿದ್ದಿರಿ. ದುಡಿಯುವ ಕೈ ನೋಡಿ ಹೂಂ ಅಂದವರೇ ಊರ ಹೆಸರು ಕಿವಿಗೆ ಬಿದ್ದ ಕೂಡಲೇ — ‘ಬ್ಯಾಡವಾ, ನಿಮ್ಮ ಜಗಳಾ ನಮ್ಮ ಬಾಗಿಲಿಗೆ ಬರೂದು ಬ್ಯಾಡ.’ ಹೊರ್ತಿ ಹತ್ತಿರದ ನಮ್ಮ ಮಾಮಾ ಒಬ್ಬರೇ ಊರ ಹೆಸರು ಕೇಳಿಯೂ ತೋಟದ ತಗಡಿನ ಶೆಡ್ ತೋರಿಸಿದರು. ಮಲ್ಲಪ್ಪಣ್ಣ ನಿಂಬೆ ಬಿಡಿಸಿದ. ನೀವು ಗಿಡದ ಬುಡಕ್ಕೆ ಉದುರಿದ, ಮಾರಾಟಕ್ಕೆ ಹೋಗದ ಹಣ್ಣು ಆರಿಸಿ ಉಪ್ಪಿನಕಾಯಿ ಹಾಕಿದಿರಿ. ಇಂಡಿ ಸಂತೆಯಲ್ಲಿ ಜನ ನಿಮ್ಮನ್ನು ಹುಡುಕಿಕೊಂಡು ಬರತೊಡಗಿದರು. ಮಕ್ಕಳು ಶಾಲೆಗೆ ಹೋದರು. ನಿಮ್ಮ ದನಿ ಆಗ ದೊಡ್ಡದಾಯಿತು — ದನಿಯ ವಿಷಯ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಒಂದು ದಿನ ಹಣ್ಣು ಚೀಲಕ್ಕೆ ತುಂಬುತ್ತ ಮಲ್ಲಪ್ಪಣ್ಣ ತಾನೇ ನಿಮ್ಮ ಸಾಹುಕಾರನನ್ನು ಅಣಕಿಸಿ ತೋರಿಸಿದ. ಮೂಗಿನಿಂದ ಒಂದು ಹೂಂಕಾರ, ಆಮೇಲೆ ಎಳೆದು ಎಳೆದು, ‘ಊಟಾ ಆತೇನ್ರೀ, ಪಾವ್ಣೇರ?’ ನಮ್ಮ ಕಡೆ ಪಾವ್ಣೇರ ಅಂದರೆ ಬೀಗರು, ನೆಂಟರು — ಬಾಯಿ ತುಂಬ ಕರೆಯುವ ಮಾತು. ಆ ಮನುಷ್ಯ ಅದನ್ನು ನಿಮ್ಮ ಓಣಿಯವರಿಗೆ ಮಾತ್ರ ಅನ್ನುತ್ತಿದ್ದನಂತೆ. ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ಇದ್ದವರಿಗೆ, ದಿನವೂ ನಗುನಗುತ್ತ. ಪಾವ್ಣೇರು ಅಂದಮೇಲೆ ಒಂದು ದಿನ ಎದ್ದು ಹೋಗಬೇಕಲ್ಲ. ಮನೆಗೆ ಬೆಂಕಿ ಬಿದ್ದ ದಿನವೂ ಮೊದಲು ಬಾಗಿಲಲ್ಲಿ ನಿಂತು ಅದನ್ನೇ ಕೇಳಿದ್ದನಂತೆ.

ನಾನು ಅಲ್ಲೇ ಆ ದನಿ ತೆಗೆದೆ. ಮೊದಲ ಸಲಕ್ಕೇ ಕುಳಿತುಬಿಟ್ಟಿತು. ನೀವು ಕೈಯಲ್ಲಿದ್ದ ಬುಟ್ಟಿ ಬಿಟ್ಟು ಶೆಡ್ಡಿನೊಳಗೆ ಹೋದಿರಿ. ನಾನು ನೋಡಿದೆ — ನೋಡಿಯೂ, ದನಿ ಎಷ್ಟು ಚೆನ್ನಾಗಿ ಬಂತು ಎಂದಷ್ಟೇ ಹಿಗ್ಗಿದೆ.

ಕೆಲವು ದಿನದ ಮೇಲೆ ಚಹಾದಂಗಡಿಯಲ್ಲಿ ಗೆಳೆಯ ಬಸ್ಯಾ ಹೊಸ ಸಿಮ್ ಹಾಕಿಕೊಂಡು ಕೂತಿದ್ದ. ‘ಮಾರಿ ತೋರಿಸಿ ಯಾರರೆ ನಗಸ್ತಾರಲೇ. ಫೋನಿನಾಗ ನಂಬಸು, ಚಹಾ ನಂದು.’ ಆ ಸಿಮ್ಮಿನಿಂದಲೇ ಮಲ್ಲಪ್ಪಣ್ಣನಿಗೆ ಫೋನ್ ಹಚ್ಚಿದೆ.

‘ಊಟಾ ಆತೇನ್ರೀ, ಪಾವ್ಣೇರ? ಹೊರ್ತಿ ಕಡೆ ಲಿಂಬಿ ಚಲೋ ಹಿಡದಾವಂತಲ್ಲ.’

ಮಲ್ಲಪ್ಪಣ್ಣ ಗುರುತು ಹಿಡಿದು ಬೈಯುತ್ತಾನೆ ಅಂದುಕೊಂಡಿದ್ದೆ. ಆ ಕಡೆಯಿಂದ — ‘ಹೌದ್ರಿ ಸಾವಕಾರ್ರ… ಊಟಾ ಆತ್ರಿ.’

ಅಷ್ಟು ಮೆತ್ತಗಿನ ದನಿಯನ್ನು ನಾನು ಇವತ್ತಿಗೂ ಯಾರ ಬಾಯಲ್ಲೂ ಕೇಳಿಲ್ಲ. ಆಗಲೇ ಹೇಳಬೇಕಿತ್ತು. ಗೆಳೆಯರು ಹೋ ಎಂದು ನಕ್ಕರು, ನಾನು ಫೋನ್ ಇಟ್ಟೆ. ಆ ನಗುವನ್ನೂ ಅವನು ಕೇಳಿರಬೇಕು — ಸಾಹುಕಾರನ ಬೆನ್ನಿಗಿರುವ ಗುಂಪು ಅಂದುಕೊಂಡಿರಬೇಕು.

ಬೆಳಿಗ್ಗೆ ಹೋಗಿ ಹೇಳಿದರಾಯಿತು, ನಾಲ್ಕು ಬೈಗುಳ ತಿಂದರಾಯಿತು ಎಂದು ತೋಟಕ್ಕೆ ಬಂದರೆ ನೀವು ಗಂಟು ಕಟ್ಟುತ್ತಿದ್ದಿರಿ. ಮಾಮಾ ಫೋನಿನ ಸುದ್ದಿ ಕೇಳಿ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಇರ್ರಿ ಅನ್ನಲೂ ಇಲ್ಲ, ಹೋಗ್ರಿ ಅನ್ನಲೂ ಇಲ್ಲ. ‘ಮಲ್ಲಪ್ಪಾ, ನನಗೂ ಹೆಣ್ಣಮಕ್ಕಳದಾರ,’ ಅಂದರು, ಅಷ್ಟೇ. ಬಿಸಿಲಿಗಿಟ್ಟ ಭರಣಿಗಳಲ್ಲಿ ಉಪ್ಪಿನಕಾಯಿ ಇನ್ನೂ ಮಾಗಿರಲಿಲ್ಲ. ನೀವು ನನ್ನ ಹತ್ತಿರ ಬಂದಿರಿ.

‘ತಮ್ಮಾ, ನೀ ಊರೂರು ತಿರಗಾಂವ. ಯಾರರೆ ನಮ್ಮನ್ನ ಕೇಳಿದ್ರ, ಗೊತ್ತಿಲ್ಲ ಅನ್ನು.’

ಹೂಂ ಅಂದೆ. ಊರಿನವರೆಲ್ಲರ ದನಿ ತುಂಬಿಕೊಂಡ ಈ ಬಾಯಿಂದ ಅಷ್ಟೇ ಬಂತು. ಫೋನು ಹುಡುಗಾಟ ಅನ್ನಬಹುದು. ಈ ಹೂಂ ಹುಡುಗಾಟವಲ್ಲ. ಹೇಳಿದರೆ ಮಾಮಾ ಏನೆಂದಾರು, ಮಂದಿ ಏನೆಂದಾರು, ನಾಳೆ ನನ್ನ ಮಿಮಿಕ್ರಿಗೆ ಯಾರು ಕರೆದಾರು — ನಿಮ್ಮ ಅನ್ನದ ಎದುರಿಗೆ ನಾನು ಇಟ್ಟು ತೂಗಿದ್ದು ಇದನ್ನು.

ವರ್ಷಗಳಾದ ಮೇಲೆ, ಕಳೆದ ತಿಂಗಳು, ಒಂದು ಕಾರ್ಯಕ್ರಮಕ್ಕೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೊರಗೆ ಕೂಲಿಯವರ ಗುಂಪಿನಲ್ಲಿ ಮಲ್ಲಪ್ಪಣ್ಣ ನಿಂತಿದ್ದ. ಕೂಲಿಯವರ ಮೇಸ್ತ್ರಿ, ಮುಕಾದಮ, ಬಂದು ಹಿಂದಿನ ದಿನವೇ ಫೋನ್ ಮಾಡಿ ಗೊತ್ತುಮಾಡಿದವರನ್ನೆಲ್ಲ ಟಂಟಂ ಗಾಡಿ ಹತ್ತಿಸಿಕೊಂಡು ಹೋದ. ಉಳಿದವನು ಮಲ್ಲಪ್ಪಣ್ಣ.

‘ಫೋನ್ ಇಲ್ಲೇನಣ್ಣಾ?’

‘ಬಿಟ್ಟೇನಿ ತಮ್ಮಾ. ಕೈಯಾಗ ಹಿಡದ್ರ ಸಾಕು, ಅಂವ ಕಿವ್ಯಾಗ ಬಂದು ಕೂಡ್ತಾನ.’

ಫೋನಿಲ್ಲದವನನ್ನು ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ನಿಮ್ಮನ್ನು ಕೇಳಿದೆ. ‘ಬಾಗೇವಾಡ್ಯಾಗ ಅದೀವಿ, ನಾ ಕೂಲಿಗಂತ ಇಲ್ಲಿ ಬರ್ತೀನಿ. ಆಕಿ ಮಂದಿ ಮನ್ಯಾಗ ಭಾಂಡೆ ತಿಕ್ಕತಾಳ. ಸಂತ್ಯಾಗ ಕುಂದ್ರು ಅಂದ್ರ ಒಲ್ಲೆ ಅಂತಾಳ, ಹತ್ತು ಮಂದಿ ಮಾರಿ ನೋಡ್ತಾರಂತ. ದೊಡ್ಡಾಕೀನೂ ಸಾಲಿ ಬಿಟ್ಟು ಜೋಡಿ ಹೋಗ್ತಾಳ.’ ಅಲ್ಲೂ ನಾನು ಬಾಯಿ ಬಿಡಲಿಲ್ಲ. ನನಗೇ ಚಹಾ ಕುಡಿಸಿ ಕಳಿಸಿದ.

ಮೊನ್ನೆ ಮಾಮಾನ ಎದುರು ಎಲ್ಲ ಹೇಳಿದೆ. ಅವರು ಹೊಡೆಯಲಿಲ್ಲ. ‘ತಡೀಬೇಕಾಗಿತ್ತು, ನಾನೂ ತಡೀಲಿಲ್ಲ,’ ಅಂದರು. ಅಂದಿನಿಂದ ನನ್ನೊಡನೆ ಮಾತಿಲ್ಲ.

ನಾಳೆ ಬಸವನ ಬಾಗೇವಾಡಿಗೆ ಬರುತ್ತೇನೆ, ಅಕ್ಕ. ಬರಿಯ ಬಾಯಿಮಾತನ್ನು ನೀವು ನಂಬಲಾರಿರಿ. ಸಾಹುಕಾರನೇ ನನ್ನನ್ನು ಕಳಿಸಿದ್ದಾನೆ, ಜಾಗ ಹುಡುಕಲಿಕ್ಕೆ, ಅಂದುಕೊಳ್ಳುತ್ತೀರಿ. ನಂಬಿಸಬೇಕಾದರೆ ಆ ದನಿಯನ್ನು ನಿಮ್ಮೆದುರೇ ಇನ್ನೊಮ್ಮೆ ತೆಗೆಯಬೇಕು. ತೆಗೆದರೆ ನಿಮಗೆ ಏನಾದೀತೋ — ತೆಗೆಯದಿದ್ದರೆ ಮಲ್ಲಪ್ಪಣ್ಣ ಇನ್ನೆಷ್ಟು ವರ್ಷ ಹಾಗೇ ನಿಲ್ಲಬೇಕೋ. ತೆಗೆಯುತ್ತೇನೆ. ಮಕ್ಕಳನ್ನು ಮೊದಲು ಹೊರಗೆ ಕಳಿಸಿರೆಂದು ಬೇಡುತ್ತೇನೆ. ನೀವಿಬ್ಬರೂ ಎಷ್ಟೇ ಹೆದರಿಕೆಯಾದರೂ ಕಣ್ಣು ಮುಚ್ಚಬಾರದು, ನನ್ನ ಬಾಯಿಯನ್ನೇ ನೋಡುತ್ತಿರಬೇಕು.